ಏಳಬೇಕಾದ ಗಳಿಗೆ: ಜೂಜಿನ ಸಿನಿಮಾ ನೋಡಹೊರಟವರಿಗೆ

ಜೂಜಿನ ಸಿನಿಮಾ ಎಂದೊಡನೆ ಹೊಸಬರು ಹಿಂದೆ ಸರಿಯುವುದು ಒಂದೇ ಅಳುಕಿನಿಂದ: ‘ನನಗೆ ರಮ್ಮಿಯೇ ಸರಿಯಾಗಿ ಬರುವುದಿಲ್ಲ, ಇನ್ನು ಪೋಕರ್ ಎಲ್ಲಿ ತಿಳಿಯಬೇಕು?’ ಆ ಅಳುಕು ಬೇಡ. ಈ ಬಗೆಯ ಒಳ್ಳೆಯ ಚಿತ್ರಗಳನ್ನು ಸವಿಯಲು ಬೇಕಾದ ಆಟದ ತಿಳಿವಳಿಕೆ ತೀರಾ ಸ್ವಲ್ಪ. ಅಷ್ಟನ್ನು ಇಲ್ಲಿಯೇ ಹೇಳಿಕೊಡುತ್ತೇನೆ. ಅದಕ್ಕಿಂತ ಮುಖ್ಯವಾದದ್ದು ಎಲ್ಲಿ ನೋಡಬೇಕು ಎಂಬುದು. ನಮ್ಮ ಕಣ್ಣು ಸಹಜವಾಗಿ ಎಲೆಗಳ ಮೇಲೆ, ನೋಟಿನ ಕಟ್ಟುಗಳ ಮೇಲೆ ನೆಟ್ಟಿರುತ್ತದೆ. ಯಾರು ಗೆದ್ದರು, ಯಾರು ಸೋತರು ಎಂದು ಕಾಯುತ್ತದೆ. ಅದನ್ನು ಬಿಟ್ಟು ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡು ನೋಡಿ. ಇವನು ಎದ್ದು ಮನೆಗೆ ಹೋಗಬಹುದಾಗಿದ್ದ ಗಳಿಗೆ ಯಾವುದು? ಆಗ ಯಾಕೆ ಏಳಲಿಲ್ಲ?

ಮಹಾಭಾರತ ಕೇಳಿ ಬೆಳೆದವರಿಗೆ ಈ ಪ್ರಶ್ನೆ ಹೊಸದಲ್ಲ. ಧರ್ಮರಾಯ ರಾಜ್ಯವನ್ನೂ ತಮ್ಮಂದಿರನ್ನೂ ದ್ರೌಪದಿಯನ್ನೂ ಪಣಕ್ಕಿಟ್ಟು ಸೋತ ಕಥೆ ಎಲ್ಲರಿಗೂ ಗೊತ್ತು. ಧೃತರಾಷ್ಟ್ರ ಅಷ್ಟನ್ನೂ ಮರಳಿ ಕೊಟ್ಟು ಕಳಿಸಿದ ಮೇಲೆ ಏನಾಯಿತು ಎಂಬುದು ಅಷ್ಟಾಗಿ ಮಾತಿಗೆ ಬರುವುದಿಲ್ಲ. ಮತ್ತೊಂದು ಕರೆ ಬಂತು, ಧರ್ಮರಾಯ ತಿರುಗಿ ಬಂದು ಪಗಡೆಯ ಮುಂದೆ ಕುಳಿತ. ಅನುದ್ಯೂತ ಎನ್ನುವುದು ಇದನ್ನೇ. ವನವಾಸ ಬಂದದ್ದು ಈ ಎರಡನೆಯ ಆಟದಿಂದ. ಸಿನಿಮಾದವರು ಮತ್ತೆ ಮತ್ತೆ ಹುಡುಕಿಕೊಂಡು ಹೋಗಿರುವುದೂ ಇಂಥ ಎರಡನೆಯ ಆಟವನ್ನೇ.

ಮೊದಲ ಪಾಠಕ್ಕೆ ನಾನು ಆರಿಸುವುದು ಇಸ್ಪೀಟಿನ ಚಿತ್ರವನ್ನಲ್ಲ. ರಾಬರ್ಟ್ ರಾಸೆನ್ ನಿರ್ದೇಶಿಸಿದ ‘ದಿ ಹಸ್ಲರ್’ (1961) ಪೂಲ್ ಆಟದ ಚಿತ್ರ. ಹಸಿರು ಬಟ್ಟೆ ಹೊದಿಸಿದ ಮೇಜು, ಕೋಲಿನಿಂದ ಚೆಂಡನ್ನು ತೂತಿಗೆ ತಳ್ಳಬೇಕು, ಅಷ್ಟು ಗೊತ್ತಿದ್ದರೆ ಸಾಕು. ಎಡ್ಡಿ ಫೆಲ್ಸನ್ ಎಂಬ ಹುಡುಗ (ಪಾಲ್ ನ್ಯೂಮನ್) ಊರೂರು ತಿರುಗಿ ಪಣ ಕಟ್ಟಿ ಆಡುವವನು. ದೇಶದಲ್ಲೇ ದೊಡ್ಡ ಆಟಗಾರನೆನಿಸಿದ ಮಿನೆಸೋಟಾ ಫ್ಯಾಟ್ಸ್‌ನನ್ನು (ಜಾಕಿ ಗ್ಲೀಸನ್) ಸೋಲಿಸಲೇಬೇಕೆಂದು ನ್ಯೂಯಾರ್ಕಿಗೆ ಬರುತ್ತಾನೆ. ಚಿತ್ರ ಆರಂಭವಾಗಿ ಸ್ವಲ್ಪ ಹೊತ್ತಿಗೆಲ್ಲ ಈ ಇಬ್ಬರ ಆಟ ಶುರುವಾಗಿಬಿಡುತ್ತದೆ.

ಈ ಆಟವನ್ನು ಅವಸರವಿಲ್ಲದೆ ನೋಡಿ. ಮೊದಲು ಎಡ್ಡಿ ಸೋಲುತ್ತಾನೆ, ಆಮೇಲೆ ಗೆಲ್ಲಲು ತೊಡಗುತ್ತಾನೆ. ಕೈಗೆ 11,000 ಡಾಲರ್ ಬಂದಾಗ ಅವನ ಜೊತೆಗಾರ ಚಾರ್ಲಿ ‘ಸಾಕು, ಹೋಗೋಣ’ ಎನ್ನುತ್ತಾನೆ. ಏಳುವ ಗಳಿಗೆ ಇದೇ. ಎಡ್ಡಿ ಒಪ್ಪುವುದಿಲ್ಲ. ಮುಗಿಯಿತು ಎಂದು ಫ್ಯಾಟ್ಸ್ ತನ್ನ ಬಾಯಿಂದ ಹೇಳುವ ತನಕ ಮುಗಿಯುವುದಿಲ್ಲ ಎನ್ನುವುದು ಅವನ ಹಟ. ಗೆಲುವು 18,000 ದಾಟುತ್ತದೆ. ರಾತ್ರಿ ಕಳೆದು ಹಗಲಾಗಿ ಮತ್ತೆ ರಾತ್ರಿಯಾಗುತ್ತದೆ, ಎಡ್ಡಿ ಬೂರ್ಬನ್ ಬಾಟಲಿಯನ್ನು ಖಾಲಿ ಮಾಡುತ್ತಾನೆ. ಆಗ ಫ್ಯಾಟ್ಸ್ ಬಚ್ಚಲಿಗೆ ಹೋಗುತ್ತಾನೆ. ಮುಖ ತೊಳೆದು, ಕೈ ತೊಳೆದು, ತಲೆ ಬಾಚಿ, ಕೈಗೆ ಪೌಡರ್ ಹಚ್ಚಿಕೊಂಡು, ಕೋಟು ಹಾಕಿಕೊಂಡು, ಈಗತಾನೇ ಮನೆಯಿಂದ ಬಂದವನ ಹಾಗೆ ಮೇಜಿನ ಮುಂದೆ ನಿಲ್ಲುತ್ತಾನೆ. ಎಡ್ಡಿ ಅವನನ್ನು ನೋಡಿ ನಗುತ್ತಾನೆ, ನಗು ತಡೆಯಲಾಗುವುದಿಲ್ಲ. ನೀವು ಗಮನಿಸಬೇಕಾದದ್ದು ಈ ನಗುವನ್ನು. ಮುಂದಿನ ಒಂದು ಚೆಂಡೂ ತೂತಿಗೆ ಬೀಳುವ ಮೊದಲೇ ಎಡ್ಡಿ ಸೋತಿದ್ದಾನೆ. ಕೊನೆಗೆ ಅವನ ಬಳಿ ಉಳಿಯುವುದು 200 ಡಾಲರ್.

ಬದಿಯಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿರುವ ಇನ್ನೊಬ್ಬನಿದ್ದಾನೆ, ಬರ್ಟ್ ಗೋರ್ಡನ್ (ಜಾರ್ಜ್ ಸಿ. ಸ್ಕಾಟ್). ಜೂಜಿಗೆ ಹಣ ಹಾಕುವವನು. ಅವನ ಪ್ರಕಾರ ಎಡ್ಡಿಗೆ ಪ್ರತಿಭೆ ಇದೆ, ಗಟ್ಟಿತನ ಇಲ್ಲ. ಮುಂದೆ ಅವನೇ ಎಡ್ಡಿಗೆ ಬಂಡವಾಳ ಹಾಕುತ್ತಾನೆ, ಗೆದ್ದದ್ದರಲ್ಲಿ ಮುಕ್ಕಾಲು ಪಾಲು ತನಗೆ ಎಂಬ ಕರಾರಿನ ಮೇಲೆ. ಆ ಕರಾರಿಗೆ ತೆರಬೇಕಾದ ಬೆಲೆ ಏನೆಂದು ಹೇಳುವುದಿಲ್ಲ, ನೀವೇ ನೋಡಬೇಕು. ಪೈಪರ್ ಲೌರಿ ನಟಿಸಿರುವ ಸಾರಾ ಎಂಬ ಪಾತ್ರದ ಮೇಲೆ ಕಣ್ಣಿಡಿ, ಅಷ್ಟೇ. ಎಡ್ಡಿ ಮತ್ತು ಫ್ಯಾಟ್ಸ್ ಮತ್ತೆ ಎದುರಾದಾಗ ಫ್ಯಾಟ್ಸ್ ಒಂದು ಹಂತದಲ್ಲಿ ಕೋಲು ಕೆಳಗಿಡುತ್ತಾನೆ. ನಿನ್ನನ್ನು ಸೋಲಿಸುವುದು ನನ್ನಿಂದಾಗದು ಎಂದು ಹೇಳಿ ಹಣ ಕೊಟ್ಟುಬಿಡುತ್ತಾನೆ. ಇಡೀ ಚಿತ್ರದಲ್ಲಿ ಏಳಲು ಬಲ್ಲವನು ಅವನೊಬ್ಬ. ಅವನು ದೊಡ್ಡ ಆಟಗಾರ ಎನ್ನುವುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಕೆನಿಸುವುದಿಲ್ಲ. ಕಪ್ಪುಬಿಳುಪಿನ ಈ ಚಿತ್ರದ ಛಾಯಾಗ್ರಹಣಕ್ಕೆ ಯೂಜೆನ್ ಶುಫ್ಟಾನ್ ಆಸ್ಕರ್ ಪಡೆದರು. ಅಗಲ ಪರದೆಯ ಉದ್ದಕ್ಕೂ ಮೇಜು ಚಾಚಿಕೊಂಡು, ಮನುಷ್ಯರು ಅದರ ಅಂಚಿಗೆ ಒತ್ತಿ ನಿಂತಿರುವ ರೀತಿ ನೋಡಿ. ಮೊಬೈಲಿನಲ್ಲಿ ನೋಡಿದರೆ ಅದು ಸಿಗುವುದಿಲ್ಲ, ಟಿವಿಯಲ್ಲಾದರೂ ನೋಡಿ.

ಇನ್ನು ಪೋಕರ್. ಜಾನ್ ಡಾಲ್ ನಿರ್ದೇಶನದ ‘ರೌಂಡರ್ಸ್’ (1998) ಇದಕ್ಕೆ ಒಳ್ಳೆಯ ಪಠ್ಯ. ಅದರಲ್ಲಿ ಆಡುವುದು ಟೆಕ್ಸಾಸ್ ಹೋಲ್ಡೆಮ್. ಪ್ರತಿಯೊಬ್ಬನಿಗೂ ಎರಡು ಎಲೆ, ಅವು ಗುಟ್ಟು. ಮೇಜಿನ ಮಧ್ಯೆ ಎಲ್ಲರಿಗೂ ಸೇರಿದ ಐದು ಎಲೆ ತೆರೆಯುತ್ತಾರೆ: ಮೊದಲು ಮೂರು ಒಟ್ಟಿಗೆ, ಆಮೇಲೆ ಒಂದು, ಕೊನೆಗೆ ಇನ್ನೊಂದು. ಈ ಏಳರಲ್ಲಿ ಒಳ್ಳೆಯ ಐದನ್ನು ಆರಿಸಿಕೊಂಡು ಕೈ ಕಟ್ಟಬೇಕು. ಎಲೆ ಬಿದ್ದಾಗಲೆಲ್ಲ ಹಣ ಕಟ್ಟುವ ಸರದಿ. ಬೇಡವೆಂದರೆ ಎಲೆ ಮಡಚಿ ಹೊರಗುಳಿಯಬಹುದು. ಎರಡು ಕೈಗಳ ಹೆಸರು ತಿಳಿದರೆ ಸದ್ಯಕ್ಕೆ ಸಾಕು. ಐದೂ ಆಟೀನು ಅಥವಾ ಐದೂ ಇಸ್ಪೀಟು, ಹೀಗೆ ಒಂದೇ ಜಾತಿಯವಾದರೆ ಫ್ಲಶ್. ಒಂದೇ ಅಂಕೆಯ ಮೂರು, ಇನ್ನೊಂದು ಅಂಕೆಯ ಎರಡು ಸೇರಿದರೆ ಫುಲ್ ಹೌಸ್. ಫ್ಲಶ್ಶಿಗಿಂತ ಫುಲ್ ಹೌಸ್ ದೊಡ್ಡದು. ತೀನ್ ಪತ್ತಿ ಆಡಿದವರಿಗೆ ಇದು ಕಷ್ಟವೇ ಅಲ್ಲ.

ಈಗ ಚಿತ್ರದ ಮೊದಲ ದೊಡ್ಡ ಕೈ. ಕಾನೂನು ಓದುತ್ತಿರುವ ಮೈಕ್ (ಮ್ಯಾಟ್ ಡೇಮನ್) ಟೆಡ್ಡಿ ಕೆಜಿಬಿ ಎಂಬ ರಷ್ಯನ್ ಮೂಲದವನ (ಜಾನ್ ಮಾಲ್ಕೊವಿಚ್) ಕಳ್ಳ ಅಡ್ಡೆಯಲ್ಲಿ ತನ್ನ ಉಳಿತಾಯವನ್ನೆಲ್ಲ ತಂದಿಟ್ಟಿದ್ದಾನೆ. ಕೈಯಲ್ಲಿ ಎಕ್ಕ ಮತ್ತು ಒಂಬತ್ತು. ಮೇಜಿನ ಮೇಲೆ ಎಕ್ಕ, ಒಂಬತ್ತು, ಎಂಟು ಬೀಳುತ್ತವೆ. ನಾಲ್ಕನೆಯದಾಗಿ ಮತ್ತೊಂದು ಒಂಬತ್ತು. ಮೈಕ್‌ಗೆ ಫುಲ್ ಹೌಸ್ ಆಯಿತು: ಮೂರು ಒಂಬತ್ತು, ಎರಡು ಎಕ್ಕ. ಮೇಜಿನ ಮೇಲೆ ಇಸ್ಪೀಟ್ ಜಾತಿಯ ಎಲೆಗಳೂ ಇರುವುದರಿಂದ ಟೆಡ್ಡಿ ಇಸ್ಪೀಟ್ ಫ್ಲಶ್ಶಿಗೆ ಕಾಯುತ್ತಿದ್ದಾನೆ ಎಂದು ಮೈಕ್ ಲೆಕ್ಕ ಹಾಕುತ್ತಾನೆ. ಕೊನೆಯ ಎಲೆಯೂ ಇಸ್ಪೀಟೇ. ಟೆಡ್ಡಿ ದೊಡ್ಡ ಮೊತ್ತ ಕಟ್ಟುತ್ತಾನೆ, ಮೈಕ್ ಎಲ್ಲವನ್ನೂ ಮುಂದಕ್ಕೆ ತಳ್ಳುತ್ತಾನೆ. ಟೆಡ್ಡಿ ತಿರುಗಿಸುವುದು ಎರಡು ಎಕ್ಕ. ಮೂರು ಎಕ್ಕ, ಎರಡು ಒಂಬತ್ತು: ಅದೂ ಫುಲ್ ಹೌಸ್, ಇವನದಕ್ಕಿಂತ ದೊಡ್ಡದು. ಸುಮಾರು 30,000 ಡಾಲರ್ ಒಂದೇ ಏಟಿಗೆ ಹೋಯಿತು. ಎದುರಾಳಿಯ ಕೈಯಲ್ಲಿ ಏನಿರಬಹುದೆಂದು ಊಹಿಸಿದ ಮೈಕ್, ತನಗೆ ಹಿತವಾದ ಊಹೆಯನ್ನೇ ನಂಬಿದ. ಪೋಕರ್ ಎಂದರೇನು ಎಂದು ಇಡೀ ಪುಸ್ತಕ ಓದಿದರೂ ಸಿಗದ ತಿಳಿವಳಿಕೆ ಈ ಕೆಲವು ನಿಮಿಷಗಳಲ್ಲಿ ಸಿಗುತ್ತದೆ.

ಕೊನೆಯ ಭಾಗದಲ್ಲಿ ಗೆಳೆಯ ವರ್ಮ್ (ಎಡ್ವರ್ಡ್ ನಾರ್ಟನ್) ಮಾಡಿಟ್ಟ 15,000 ಡಾಲರ್ ಸಾಲ ತೀರಿಸಲು ಮೈಕ್ ಮತ್ತೆ ಅದೇ ಅಡ್ಡೆಗೆ ಹೋಗುತ್ತಾನೆ. ಟೆಡ್ಡಿಗೆ ಆರಿಯೊ ಬಿಸ್ಕತ್ತು ತಿನ್ನುವ ಚಟ. ಬಿಸ್ಕತ್ತನ್ನು ಕಿವಿಯ ಹತ್ತಿರ ಹಿಡಿದು ಬಿಡಿಸುತ್ತಾನೆ. ತಿಂದರೆ ಕೈ ಗಟ್ಟಿಯಿದೆ ಎಂದರ್ಥ. ಇದನ್ನು ಮೈಕ್ ಪತ್ತೆ ಹಚ್ಚುತ್ತಾನೆ. ಸಾಲ ತೀರುವಷ್ಟು ಹಣ ಗೆದ್ದು ಏಳುತ್ತಾನೆ ಕೂಡ. ಆಗ ಟೆಡ್ಡಿ ಕೆಣಕುತ್ತಾನೆ, ಅವನು ತಿರುಗಿ ಕೂರುತ್ತಾನೆ. ಇಲ್ಲಿ ಅನುದ್ಯೂತ ಆಟಗಾರನ ಪರವಾಗಿ ತಿರುಗುತ್ತದೆ. ಈ ಚಿತ್ರದ ಬಗ್ಗೆ ನನ್ನ ತಕರಾರು ಇಷ್ಟೇ: ತಿರುಗಿ ಕೂತವನನ್ನು ಅದು ಗೆಲ್ಲಿಸುತ್ತದೆ. ಥಿಯೇಟರಿನಲ್ಲಿ ಅಷ್ಟೇನೂ ಓಡದ ‘ರೌಂಡರ್ಸ್’ ಆಮೇಲೆ ವಿಡಿಯೊದಲ್ಲಿ ಮನೆ ಮನೆ ಸೇರಿತು. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಲೆಕ್ಕಿಗ ಆನ್‌ಲೈನ್ ಆಟದಿಂದ ಅರ್ಹತೆ ಪಡೆದು ಪೋಕರ್ ವಿಶ್ವ ಸರಣಿಯಲ್ಲಿ 25 ಲಕ್ಷ ಡಾಲರ್ ಗೆದ್ದ ಮೇಲಂತೂ ಪೋಕರಿಗೆ ಹೊಸದಾಗಿ ಇಳಿದ ಹುಡುಗರಿಗೆ ಇದು ಆಟದ ಪಾಠವೇ ಆಯಿತು. ತಿರುಗಿ ಕೂತು ಸೋತವರನ್ನು ಈ ಚಿತ್ರ ತೋರಿಸುವುದಿಲ್ಲ ಎನ್ನುವುದನ್ನು ನೋಡುವಾಗ ನೆನಪಿಟ್ಟುಕೊಳ್ಳಿ.

ಇದೇ ಹೊತ್ತಿನಲ್ಲಿ ಸಿನಿಮಾದ ಪೋಕರಿನ ಒಂದು ದೋಷವನ್ನೂ ಹೇಳಿಬಿಡಬೇಕು. ನಾರ್ಮನ್ ಜೂಯಿಸನ್ ಅವರ ‘ದಿ ಸಿನ್ಸಿನಾಟಿ ಕಿಡ್’ (1965) ನನಗೆ ಪ್ರಿಯವಾದ ಚಿತ್ರ. ಹಳೆಯ ಹುಲಿಯ ಪಾತ್ರದಲ್ಲಿ ಎಡ್ವರ್ಡ್ ಜಿ. ರಾಬಿನ್ಸನ್, ಅವನ ಪಟ್ಟ ಕಸಿಯಲು ಬಂದ ಹುಡುಗನಾಗಿ ಸ್ಟೀವ್ ಮೆಕ್ವೀನ್. ಎಲೆ ಹಂಚುವವನು ಹುಡುಗನಿಗೆ ಅನುಕೂಲವಾಗುವಂತೆ ಕಳ್ಳಾಟ ಆಡುತ್ತಿದ್ದಾನೆ ಎಂದು ತಿಳಿದಾಗ ಹುಡುಗನೇ ಅದನ್ನು ನಿಲ್ಲಿಸುವ ದೃಶ್ಯಕ್ಕಾಗಿಯೇ ಚಿತ್ರ ನೋಡಬಹುದು. ಆದರೆ ಕೊನೆಯ ಕೈಯಲ್ಲಿ ಒಬ್ಬನಿಗೆ ಎಕ್ಕಗಳ ಫುಲ್ ಹೌಸ್, ಇನ್ನೊಬ್ಬನಿಗೆ ಡೈಮನ್ನಿನ ಸಾಲು ಐದೆಲೆ. ಅಂಥ ಎರಡು ಕೈ ಒಂದೇ ಸಲ ಎದುರುಬದುರಾಗುವುದು ಜೀವಮಾನದಲ್ಲಿ ಒಮ್ಮೆ ಕಂಡರೆ ಹೆಚ್ಚು. ‘ಕ್ಯಾಸಿನೊ ರಾಯಲ್’ (2006) ಇನ್ನೂ ಮುಂದೆ ಹೋಗಿ ನಾಲ್ವರಿಗೂ ಒಂದಕ್ಕಿಂತ ಒಂದು ದೊಡ್ಡ ಕೈ ಹಂಚಿ ಜೇಮ್ಸ್ ಬಾಂಡ್‌ಗೆ ಎಲ್ಲಕ್ಕಿಂತ ದೊಡ್ಡದನ್ನು ಕೊಡುತ್ತದೆ. ಇಯಾನ್ ಫ್ಲೆಮಿಂಗ್ ಬರೆದು 1953ರಲ್ಲಿ ಪ್ರಕಟವಾದ ಕಾದಂಬರಿಯಲ್ಲಿ ಅದು ಬಾಕರಾ ಎಂಬ ಬೇರೆ ಎಲೆಯಾಟವಾಗಿತ್ತು. ಪೋಕರ್ ಜ್ವರ ಏರಿದ್ದ ಕಾಲಕ್ಕೆ ತಕ್ಕಂತೆ ಅದನ್ನು ಬದಲಾಯಿಸಿದರು. ಅದು ಒಳ್ಳೆಯ ಸಾಹಸ ಚಿತ್ರ, ಜೂಜಿನ ಚಿತ್ರವಲ್ಲ. ‘ಓಷನ್ಸ್ ಇಲೆವನ್’, ‘21’ ಮೊದಲಾದವನ್ನೂ ಈ ಸಾಲಿಗೇ ಸೇರಿಸಿ ಮುಂದೆ ಹೋಗೋಣ.

ಇಲ್ಲಿಯವರೆಗೆ ಆಟಗಾರನ ಕಡೆಯಿಂದ ನೋಡಿದೆವು. ಕ್ಯಾಸಿನೊದವನ ಕಡೆಯಿಂದ ನೋಡಲು ಸ್ವಲ್ಪ ಲೆಕ್ಕ ಬೇಕು, ತಾಳ್ಮೆಯಿಂದ ಓದಿ. ಯುರೋಪಿನ ರೂಲೆಟ್ ಚಕ್ರದಲ್ಲಿ ಸೊನ್ನೆಯಿಂದ 36ರವರೆಗೆ 37 ಮನೆಗಳು. ಒಂದು ಅಂಕೆಯ ಮೇಲೆ 1 ರೂಪಾಯಿ ಕಟ್ಟಿ ಗೆದ್ದರೆ ನಿಮ್ಮ ರೂಪಾಯಿಯ ಜೊತೆ 35 ಕೊಡುತ್ತಾರೆ. ನ್ಯಾಯವಾಗಿ 36 ಕೊಡಬೇಕಿತ್ತು. ಆ ಒಂದು ರೂಪಾಯಿಯ ವ್ಯತ್ಯಾಸದಿಂದ, ಕಟ್ಟಿದ ಪ್ರತಿ 100 ರೂಪಾಯಿಗೆ ಸರಾಸರಿ 2 ರೂಪಾಯಿ 70 ಪೈಸೆ ಕ್ಯಾಸಿನೊದ ಪಾಲಾಗುತ್ತದೆ. ಅಮೆರಿಕದ ಚಕ್ರದಲ್ಲಿ ಸೊನ್ನೆಗಳು ಎರಡು, 38 ಮನೆ. ಅಲ್ಲಿ ಹೋಗುವುದು 5 ರೂಪಾಯಿ 26 ಪೈಸೆ. ಹಾಗಾಗಿ ಕ್ಯಾಸಿನೊ ಮೋಸ ಮಾಡಬೇಕಾಗಿಲ್ಲ. ಅದು ಮಾಡಬೇಕಾದ ಕೆಲಸ ಒಂದೇ, ಕುಳಿತವನು ಏಳದಂತೆ ನೋಡಿಕೊಳ್ಳುವುದು.

ಮಾರ್ಟಿನ್ ಸ್ಕಾರ್ಸೆಸಿಯವರ ‘ಕ್ಯಾಸಿನೊ’ (1995) ಆ ಒಂದು ಕೆಲಸದ ಮೇಲೆ ಕಟ್ಟಿದ ಮೂರು ಗಂಟೆಯ ಚಿತ್ರ. ಲಾಸ್ ವೇಗಸ್‌ನ ಸ್ಟಾರ್‌ಡಸ್ಟ್ ಕ್ಯಾಸಿನೊ ನಡೆಸಿದ್ದ ಫ್ರಾಂಕ್ ರೋಸೆಂತಾಲ್ ಅವರ ಬದುಕನ್ನು ಆಧರಿಸಿದ್ದು; ಪರದೆಯ ಮೇಲೆ ಅವನು ಏಸ್ ರಾತ್‌ಸ್ಟೀನ್ (ರಾಬರ್ಟ್ ಡಿ ನೀರೊ), ಕ್ಯಾಸಿನೊದ ಹೆಸರು ಟ್ಯಾಂಜಿಯರ್ಸ್. ಮೊದಲ ಒಂದು ಗಂಟೆ ಬಹುಮಟ್ಟಿಗೆ ಪಾಠವೇ. ಎಲೆ ಹಂಚುವವನು ಆಟಗಾರನನ್ನು ನೋಡುತ್ತಾನೆ, ಹಂಚುವವನನ್ನು ಅವನ ಮೇಲಿನವನು, ಅವನನ್ನು ಇನ್ನೂ ಮೇಲಿನವನು, ಎಲ್ಲರನ್ನೂ ಚಾವಣಿಯ ಕ್ಯಾಮೆರಾ. ಇಷ್ಟು ಕಾವಲಿನ ನಡುವೆಯೂ ಹಣ ಎಣಿಸುವ ಕೋಣೆಯಿಂದ ಮಾಫಿಯಾದವನೊಬ್ಬ ಸೂಟ್‌ಕೇಸ್ ತುಂಬಿಸಿಕೊಂಡು ಸಲೀಸಾಗಿ ನಡೆದುಹೋಗುತ್ತಾನೆ. ಹೇಗೆ ಎಂಬುದನ್ನು ಒಂದೊಂದೇ ಬಾಗಿಲು ತೆರೆದು ತೋರಿಸುತ್ತಾರೆ.

ಅದರಲ್ಲಿ ಇಚಿಕಾವಾ ಎಂಬ ಜಪಾನಿ ಶ್ರೀಮಂತನ ಪ್ರಸಂಗ ಬರುತ್ತದೆ. ಚಿಕ್ಕದು, ಕಣ್ಣು ಮಿಟುಕಿಸಿದರೆ ತಪ್ಪಿಹೋಗುವಂಥದ್ದು. ಅವನು 20 ಲಕ್ಷ ಡಾಲರ್ ಗೆದ್ದು ಹೊರಟಿದ್ದಾನೆ. ಅಂದರೆ ಏಳಬೇಕಾದ ಗಳಿಗೆಯಲ್ಲಿ ಎದ್ದವನು. ಏಸ್ ಅವನ ವಿಮಾನದಲ್ಲಿ ಏನೋ ಕೆಟ್ಟಿದೆ ಎಂದು ಹೇಳಿಸಿ ವಾಪಸ್ ಕರೆಸುತ್ತಾನೆ. ಇಡೀ ಮಹಡಿಯನ್ನು ಅವನಿಗೆ ಬಿಟ್ಟುಕೊಡುತ್ತಾನೆ. ಬೇಸರ ಕಳೆಯಲು ಇಚಿಕಾವಾ ಸಣ್ಣ ಮೊತ್ತ ಕಟ್ಟಿ ಆಡುತ್ತಾನೆ. ಆದರೆ ಒಂದು ಕೈಗೆ 30,000 ಕಟ್ಟಿ ರೂಢಿಯಾದವನಿಗೆ 1,000 ಕಟ್ಟಿ ಗೆಲ್ಲುವುದು ಗೆಲುವೆನಿಸುವುದಿಲ್ಲ. ದೊಡ್ಡದು ಕಟ್ಟಿದ್ದರೆ ಎಷ್ಟು ಬರುತ್ತಿತ್ತು ಎಂಬ ಲೆಕ್ಕ ಶುರುವಾಗುತ್ತದೆ. ಅವನ ಗೆಲುವಷ್ಟೂ ಕ್ಯಾಸಿನೊಗೆ ಮರಳುತ್ತದೆ, ಅದರ ಮೇಲೆ ಅವನ ಸ್ವಂತದ 10 ಲಕ್ಷ. ಸಿಕ್ಕ ಲಾಭವನ್ನು ಸಿಗದ ಲಾಭದ ಎದುರಿಟ್ಟು ನೋಡುವ ಮನುಷ್ಯಸ್ವಭಾವವನ್ನು ಇಷ್ಟು ಚುಟುಕಾಗಿ ತೋರಿಸಿದ ಇನ್ನೊಂದು ದೃಶ್ಯ ನಾನು ಕಂಡಿಲ್ಲ. ಈ ಚಿತ್ರದ ಕೊನೆಯ ಭಾಗದ ಹಿಂಸೆ ಬಹಳ ಕ್ರೂರವಾದದ್ದು. ಮಕ್ಕಳ ಜೊತೆ ನೋಡುವ ಚಿತ್ರ ಖಂಡಿತ ಅಲ್ಲ.

ಫ್ರಾನ್ಸಿನಿಂದ ಎರಡು ಚಿತ್ರಗಳು. ಜಾನ್ ಪಿಯೇರ್ ಮೆಲ್ವಿಲ್ ಅವರ ‘ಬಾಬ್ ಲ ಫ್ಲಾಂಬರ್’ (1956) ಕಥೆ ಕೇಳಿದರೇ ಸಂತೋಷವಾಗುತ್ತದೆ. ವಯಸ್ಸಾದ ಜೂಜುಗಾರ ಬಾಬ್ ದೋವಿಲ್ ಪಟ್ಟಣದ ಕ್ಯಾಸಿನೊವನ್ನು ಬೆಳಗಿನ ಜಾವ ಐದಕ್ಕೆ ದೋಚಲು ಸಂಚು ಮಾಡಿದ್ದಾನೆ. ಅಲ್ಲಿಯತನಕ ಅವನು ಒಳಗಿರಬೇಕು, ಆಡಕೂಡದು. ಅವನು ಆಡುತ್ತಾನೆ. ಗೆಲ್ಲುತ್ತಾನೆ, ಮತ್ತೆ ಗೆಲ್ಲುತ್ತಾನೆ, ಎಷ್ಟೆಂದರೆ ದರೋಡೆಯ ಗಂಟೆಯೇ ಮರೆತುಹೋಗುತ್ತದೆ. ಬದುಕಿಡೀ ಕಾದ ಅದೃಷ್ಟ ಬಂದದ್ದು ಬರಬಾರದ ರಾತ್ರಿಯಲ್ಲಿ. ಇನ್ನೊಂದು ಜಾಕ್ ದೆಮಿ ಅವರ ‘ಬೇ ಆಫ್ ಏಂಜಲ್ಸ್’ (1963). ನೀಸ್ ನಗರದ ರೂಲೆಟ್ ಮೇಜಿನ ಮುಂದೆ ಬಿಳಿ ಉಡುಪಿನ, ಬಿಳಿಚು ಹೊಂಬಣ್ಣದ ಕೂದಲಿನ ಜಾನ್ ಮೊರೊ. ಅವಳಿಗೆ ದುಡ್ಡು ಬೇಕಾಗಿಲ್ಲ, ಚಕ್ರ ತಿರುಗುತ್ತಿರಬೇಕು. ಗೆದ್ದ ದಿನ ದೊಡ್ಡ ಹೋಟೆಲು, ಸೋತ ದಿನ ರೈಲಿನ ಟಿಕೆಟ್ಟಿಗೂ ಗತಿಯಿಲ್ಲ, ಎರಡಕ್ಕೂ ಮುಖ ಹೆಚ್ಚು ಬದಲಾಗುವುದಿಲ್ಲ. ಚೆಂಡು ಓಡುವಾಗ ಮಿಶೆಲ್ ಲೆಗ್ರಾಂ ಅವರ ಪಿಯಾನೊ ಭೋರ್ಗರೆಯುತ್ತದೆ; ಆ ಸಂಗೀತ ಕೇಳುತ್ತ ನಮಗೂ ಇನ್ನೊಂದು ಸುತ್ತು ಬೇಕೆನಿಸುತ್ತದೆ. ಚಟ ಹೊರಗಿನಿಂದ ಹೇಗೆ ಕಾಣುತ್ತದೆ ಎಂದು ತೋರಿಸುವ ಚಿತ್ರಗಳು ಬೇಕಾದಷ್ಟಿವೆ. ಒಳಗಿನಿಂದ ಹೇಗಿರುತ್ತದೆ ಎಂದು ತೋರಿಸಿದ್ದು ಇದು.

ಹಾಗಾದರೆ ಎದ್ದು ಹೋದವನಿಗೆ ಸುಖವೇ? ರಾಬರ್ಟ್ ಆಲ್ಟ್‌ಮನ್ ಅವರ ‘ಕ್ಯಾಲಿಫೋರ್ನಿಯಾ ಸ್ಪ್ಲಿಟ್’ (1974) ಈ ಪ್ರಶ್ನೆ ಕೇಳುತ್ತದೆ. ಬಿಲ್ ಮತ್ತು ಚಾರ್ಲಿ ಎಂಬ ಇಬ್ಬರು ಜೂಜಿನ ಗೆಳೆಯರು. ಚಿತ್ರದಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುತ್ತದೆ; ಆಲ್ಟ್‌ಮನ್ ಎಂಟು ಟ್ರ್ಯಾಕಿನಲ್ಲಿ ಶಬ್ದ ಹಿಡಿದು ಇದನ್ನು ಸಾಧಿಸಿದರು. ಮೊದಲು ಗೊಂದಲವೆನಿಸಿದರೂ ಬಿಡದೆ ನೋಡಿ. ಕೊನೆಗೆ ರೀನೊ ನಗರದಲ್ಲಿ ಬಿಲ್‌ಗೆ ಅದೃಷ್ಟ ಒಲಿದು ಇಬ್ಬರೂ ಸೇರಿ 82,000 ಡಾಲರ್ ಗೆಲ್ಲುತ್ತಾರೆ. ಚಾರ್ಲಿ ಕುಣಿಯುತ್ತಾನೆ. ಬಿಲ್ ಸುಮ್ಮನೆ ಕುಳಿತಿದ್ದಾನೆ. ಅವನಿಗೆ ಏನೂ ಅನ್ನಿಸುತ್ತಿಲ್ಲ. ಗೆದ್ದಾಗ ಏನೋ ಆಗುತ್ತದೆ ಎಂದು ಇಷ್ಟು ದಿನ ಓಡಿದ್ದ, ಗೆದ್ದ ಮೇಲೆ ಆ ‘ಏನೋ’ ಅಲ್ಲಿಲ್ಲ. ಎದ್ದು ಮನೆಗೆ ಹೊರಡುತ್ತಾನೆ. ಈ ಪಟ್ಟಿಯ ಅತ್ಯಂತ ಪ್ರಾಮಾಣಿಕ ಮುಕ್ತಾಯ ಇದೇ ಎಂದು ನನ್ನ ನಂಬಿಕೆ.

ನಮ್ಮ ದೇಶದ ಚಿತ್ರಗಳಿಗೂ ಜೂಜು ಹೊಸದಲ್ಲ. 1925ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ ನಿರ್ದೇಶಿಸಿದ ಮೊದಲ ಚಿತ್ರವೇ ‘ಬಾಜಿ’ (1951). ಬಲರಾಜ್ ಸಾಹ್ನಿ ಬರೆದದ್ದು. ದೇವ್ ಆನಂದ್ ಅದರಲ್ಲಿ ಕೈಗುಣವಿರುವ ಬಡ ಜೂಜುಗಾರ. ಕಾಯಿಲೆಯ ತಂಗಿಗೆ ಚಿಕಿತ್ಸೆ ಕೊಡಿಸಲು ಹಣ ಬೇಕಾಗಿ ಕ್ಲಬ್ಬಿನವರ ಕೈಗೆ ಸಿಕ್ಕಿಬೀಳುತ್ತಾನೆ. ನೆರಳು ಬೆಳಕಿನ ಕೆಲಸ, ಎಸ್.ಡಿ. ಬರ್ಮನ್ ಅವರ ಸಂಗೀತ, ಗೀತಾ ಬಾಲಿಯ ನಟನೆ ಇಂದಿಗೂ ಸೊಗಸು. ಆದರೆ ಒಂದು ವ್ಯತ್ಯಾಸ ಗಮನಿಸಿ. ಇಲ್ಲಿ ನಾಯಕ ಆಡುವುದಕ್ಕೆ ತಂಗಿಯ ಕಾಯಿಲೆ ಎಂಬ ಕಾರಣವಿದೆ. ಅದು ತೀರಿದರೆ ಅವನು ಬಿಟ್ಟಾನು ಎಂದು ನಾವು ನಂಬಬಹುದು. ಎಡ್ಡಿಗೆ, ಬಿಲ್‌ಗೆ, ನೀಸ್‌ನ ಆ ಹೆಂಗಸಿಗೆ ಅಂಥ ಕಾರಣವೇ ಇಲ್ಲ. ಎದೆ ನಡುಗಿಸುವುದು ಅದು.

ಕಾರಣವಿಲ್ಲದ ಆ ಚಟವನ್ನು ಯಾವ ಬಣ್ಣವೂ ಇಲ್ಲದೆ ತೋರಿಸಿದ್ದು ‘ಓನಿಂಗ್ ಮಹೌನಿ’ (2003). ಕೆನಡಾದ ಬ್ಯಾಂಕ್ ನೌಕರನೊಬ್ಬ 1980ರ ದಶಕದ ಆರಂಭದಲ್ಲಿ ತನ್ನ ಬ್ಯಾಂಕಿನಿಂದ ಒಂದು ಕೋಟಿ ಡಾಲರಿಗೂ ಹೆಚ್ಚು ಹಣ ಕದ್ದು ಜೂಜಾಡಿದ ನಿಜ ಘಟನೆ ಇದಕ್ಕೆ ಮೂಲ. ಫಿಲಿಪ್ ಸೀಮೋರ್ ಹಾಫ್‌ಮನ್ ಆ ಪಾತ್ರಕ್ಕಾಗಿ ಹುಟ್ಟಿಬಂದಂತಿದ್ದಾರೆ. ಅಗ್ಗದ ಸೂಟು, ದಪ್ಪ ಕನ್ನಡಕ. ಕ್ಯಾಸಿನೊದವರು ಏನು ಬೇಕಾದರೂ ಕೇಳಿ ಎಂದರೆ ಅವನು ಕೇಳುವುದು ಸಾಸ್ ಹಾಕದ ಮಾಂಸ ಮತ್ತು ಒಂದು ಕೋಕ್. ಎಲ್ಲ ಮುಗಿದ ಮೇಲೆ ಆಪ್ತಸಲಹೆಗಾರ ಕೇಳುತ್ತಾನೆ: ಜೂಜಿನಲ್ಲಿ ಸಿಗುವ ರೋಮಾಂಚನಕ್ಕೆ ನೂರಕ್ಕೆ ಎಷ್ಟು ಅಂಕ? ನೂರು. ಜೂಜಿನ ಹೊರಗೆ ನಿನ್ನ ಬದುಕಿನಲ್ಲಿ ಸಿಕ್ಕ ದೊಡ್ಡ ರೋಮಾಂಚನಕ್ಕೆ? ಇಪ್ಪತ್ತು. ಇಷ್ಟು ಹೊತ್ತು ನಾವು ಕೇಳುತ್ತ ಬಂದ ‘ಯಾಕೆ ಏಳಲಿಲ್ಲ’ ಎಂಬುದಕ್ಕೆ ಸಿನಿಮಾ ಕೊಟ್ಟಿರುವ ಉತ್ತರಗಳಲ್ಲಿ ಇದಕ್ಕಿಂತ ನೇರವಾದದ್ದು ನನಗೆ ಗೊತ್ತಿಲ್ಲ.

ಹೊಸಬರು ಮೊದಲು ‘ದಿ ಹಸ್ಲರ್’, ಆಮೇಲೆ ‘ರೌಂಡರ್ಸ್’, ಅದರ ಬೆನ್ನಿಗೇ ‘ಕ್ಯಾಸಿನೊ’ ನೋಡಿ. ಕಣ್ಣು ಪಳಗಿದ ಮೇಲೆ ಫ್ರೆಂಚ್ ಚಿತ್ರಗಳಿಗೂ ಆಲ್ಟ್‌ಮನ್‌ಗೂ ಹೋಗಿ. ‘ಮಹೌನಿ’ಯನ್ನು ಮಾತ್ರ ಒಬ್ಬರೇ ನೋಡಬೇಡಿ. ಫೋನಿನಲ್ಲಿ ರಮ್ಮಿಯೋ ಕ್ರಿಕೆಟ್ ಬೆಟ್ಟಿಂಗೋ ಹಿಡಿದುಕೊಂಡು ಕೂತು ಸಾಲ ಮಾಡಿಕೊಂಡ ತಮ್ಮನೋ ಭಾವನೋ ಮನೆಯಲ್ಲಿದ್ದರೆ, ಬೈಯದೆ, ಬುದ್ಧಿ ಹೇಳದೆ, ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ನೂರು ಮತ್ತು ಇಪ್ಪತ್ತರ ಆ ಪ್ರಶ್ನೆ ಬಂದಾಗ ಅವರೇ ಏನಾದರೂ ಹೇಳಬಹುದು. ಹೇಳಿದರೆ ಸಿನಿಮಾ ನಿಲ್ಲಿಸಿ ಅವರ ಮಾತು ಕೇಳಿ.